ಮಂಡಿಗೆ ಪೆಟ್ಟಾದರೂ ಓದ್ತೀಯಾ? ಕಾಲೇಜು ಆರಿಸೋ ಬಾಸ್ಕೆಟ್‌ಬಾಲ್ ಹುಡುಗರಿಗೆ ಒಂದು ಮಾತು



ಬಾಸ್ಕೆಟ್‌ಬಾಲ್ ಆಡುವ ನಮ್ಮ ಹುಡುಗರು ಪ್ಲಸ್ ಟು, ಪಿಯುಸಿ ಮುಗಿಸೋ ಹೊತ್ತಿಗೆ ಕೇಳೋ ಮಾತು ಒಂದೇ: “ಅಮೆರಿಕದ ಕಾಲೇಜಲ್ಲಿ ಆಡೋಕೆ ಆಗುತ್ತಾ? ಯಾವ ಕಾಲೇಜು ದೊಡ್ಡದು?” ಮೊದಲ ಪ್ರಶ್ನೆ ಸರಿ. ಎರಡನೆಯದು ತಪ್ಪು ಅನ್ನೋದು ನಮ್ಮ ಅಭಿಪ್ರಾಯ. ಕೇಳಬೇಕಾದ್ದು ಇಷ್ಟು: ನಾಳೆ ಮಂಡಿಗೆ ಪೆಟ್ಟಾಗಿ ಆಟವೇ ನಿಂತರೂ ನಾನು ಇದೇ ಕಾಲೇಜಲ್ಲಿ ಓದ್ತೀನಾ?

ಯಾಕೆ ಅಂತ ಲೆಕ್ಕ ನೋಡಿ. ಅಮೆರಿಕದ ಹೈಸ್ಕೂಲುಗಳಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗರು 5 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎನ್‌ಸಿಎಎ, ಅಂದ್ರೆ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯ ತಂಡಗಳಿಗೆ ತಲುಪೋದು ನೂರಕ್ಕೆ ಮೂರ್ನಾಲ್ಕು ಮಂದಿ. ಹಾಗೆ ತಲುಪಿದವರಲ್ಲೂ ಎನ್‌ಬಿಎಗೆ ಆಯ್ಕೆಯಾಗೋದು ನೂರಕ್ಕೆ ಒಬ್ಬರ ಆಸುಪಾಸು. ಉಳಿದವರಿಗೆಲ್ಲ ಕೊನೆಗೆ ಕೈಯಲ್ಲಿ ಉಳಿಯೋದು ಪದವಿ ಮಾತ್ರ. ಅದು ಗಟ್ಟಿ ಇದ್ದರೆ ಬದುಕು ಗಟ್ಟಿ.

ಹೆಸರಿಗಿಂತ ಜಾಗ ಮುಖ್ಯ ಅನ್ನೋದಕ್ಕೆ ಸ್ಟೆಫನ್ ಕರಿಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಅಪ್ಪ ಡೆಲ್ ಕರಿ ಎನ್‌ಬಿಎ ಆಟಗಾರ, ವರ್ಜೀನಿಯಾ ಟೆಕ್‌ನಲ್ಲಿ ಓದಿದವರು. ಆದರೂ ಅದೇ ವರ್ಜೀನಿಯಾ ಟೆಕ್ ಮಗನಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ಹುಡುಗ ಸಣಕಲು ಅಂತ ದೊಡ್ಡ ಕಾಲೇಜುಗಳು ಕಣ್ಣೆತ್ತಿ ನೋಡಲಿಲ್ಲ. ಕರಿ ಹೋಗಿದ್ದು ನಾರ್ತ್ ಕ್ಯಾರೊಲಿನಾದ ಡೇವಿಡ್‌ಸನ್‌ಗೆ. ಇಡೀ ಕಾಲೇಜಿನ ವಿದ್ಯಾರ್ಥಿಗಳನ್ನು ಎಣಿಸಿದರೆ 2 ಸಾವಿರ ದಾಟಲ್ಲ. ಅಲ್ಲಿ ಕೋಚ್ ಬಾಬ್ ಮೆಕಿಲಪ್ ಮೊದಲ ವರ್ಷವೇ ಅವನನ್ನು ಅಂಗಣಕ್ಕಿಳಿಸಿದರು. 2008ರಲ್ಲಿ ಆ ಪುಟ್ಟ ಕಾಲೇಜು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟು ತಂಡಗಳಲ್ಲಿ ಒಂದಾಗಿ, ಕಾನ್ಸಾಸ್ ಎದುರು ಬರೀ 2 ಅಂಕದಿಂದ ಸೋತಿತು. ದೊಡ್ಡ ಕಾಲೇಜಿನ ಬೆಂಚಲ್ಲಿ ಕೂತಿದ್ದರೆ ಕರಿಯ ಆಟ ಹೀಗೆ ಅರಳುತ್ತಿತ್ತಾ?

ಇನ್ನೊಂದು ವಿಷಯ. ಪದವಿ ಮುಗಿಸದೆ 2009ರಲ್ಲಿ ಎನ್‌ಬಿಎಗೆ ಹೋದ ಕರಿ, 2022ರಲ್ಲಿ ಬಾಕಿ ಓದು ಮುಗಿಸಿದರು. ಅವರ 30ನೇ ನಂಬರಿನ ಜೆರ್ಸಿಗೆ ಡೇವಿಡ್‌ಸನ್ ಗೌರವದ ವಿದಾಯ ಹೇಳಿದ್ದು ಆಮೇಲೆಯೇ. ಎಷ್ಟೇ ದೊಡ್ಡ ಆಟಗಾರನಾದರೂ ಪದವಿ ಇಲ್ಲದೆ ಆ ಗೌರವ ಇಲ್ಲ ಅನ್ನೋದು ಆ ಕಾಲೇಜಿನ ನಿಯಮ. ಇಂಥ ಕಾಲೇಜು ನಮಗೆ ಬೇಕು.

ಈಗ ನಮ್ಮ ದೇಶದ ಹುಡುಗನ ಕತೆ. ಸತ್ನಾಮ್ ಸಿಂಗ್, ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯವರು. 7 ಅಡಿ 2 ಇಂಚು ಎತ್ತರ. 2010ರಲ್ಲಿ, 14ರ ವಯಸ್ಸಲ್ಲಿ, ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೋದರು. ಆಗ ಇಂಗ್ಲಿಷ್ ಬರುತ್ತಲೇ ಇರಲಿಲ್ಲ ಅನ್ನಬಹುದು. ಆಟ ಕಲಿತರು, ಓದು ಕೈಹಿಡಿಯಲಿಲ್ಲ. ಎನ್‌ಸಿಎಎ ಕೇಳುವ ಓದಿನ ಅರ್ಹತೆ ಸಿಗದೆ ಕಾಲೇಜಿನ ಬಾಗಿಲು ಮುಚ್ಚಿತು. 2015ರಲ್ಲಿ ಡಲ್ಲಾಸ್ ತಂಡ 52ನೆಯವರಾಗಿ ಆಯ್ಕೆ ಮಾಡಿತು, ಎನ್‌ಬಿಎ ತಂಡಕ್ಕೆ ಆಯ್ಕೆಯಾದ ಮೊದಲ ಭಾರತೀಯ ಎಂಬ ಹೆಸರೂ ಬಂತು. ಆದರೆ ಎನ್‌ಬಿಎ ಪಂದ್ಯ ಒಂದನ್ನೂ ಆಡಲಿಲ್ಲ. ನಾಲ್ಕು ವರ್ಷ ಕಾಲೇಜಲ್ಲಿ ಪಳಗುವ ಅವಕಾಶ ಸಿಕ್ಕಿದ್ದರೆ? ನಮಗೆ ಈ ಪ್ರಶ್ನೆ ಇವತ್ತಿಗೂ ಕಾಡುತ್ತೆ.

ಇದನ್ನ ಓದಿ “ಅದಕ್ಕೇ ತಾಯ್ನುಡಿಯಲ್ಲಿ ಓದಬಾರದು” ಅನ್ನೋರು ಇದ್ದಾರೆ. ನಾವು ಒಪ್ಪಲ್ಲ. ತಪ್ಪು ಪಂಜಾಬಿಯದ್ದಲ್ಲ, ತಯಾರಿ ತಡವಾಗಿದ್ದು. ಕನ್ನಡ ಶಾಲೆಯಲ್ಲೇ ಓದಿ, ಇಂಗ್ಲಿಷನ್ನು ಒಂದು ಉಪಕರಣದ ಹಾಗೆ ಒಂಬತ್ತನೇ ಕ್ಲಾಸಿನಿಂದಲೇ ಹದ ಮಾಡಿಕೊಳ್ಳಿ. ಯಾಕಂದ್ರೆ ಎನ್‌ಸಿಎಎ ಲೆಕ್ಕ ಶುರುವಾಗೋದೂ ಅಲ್ಲಿಂದಲೇ. ಮೊದಲ ದರ್ಜೆಯ ತಂಡಕ್ಕೆ ಸೇರಲು 16 ಮುಖ್ಯ ವಿಷಯಗಳು ಪಾಸಾಗಿರಬೇಕು, ಅಲ್ಲಿನ ಅಳತೆಯಲ್ಲಿ ಸರಾಸರಿ 2.3 ಇರಬೇಕು. ಅಂಕಪಟ್ಟಿ ಕನ್ನಡದಲ್ಲಿದ್ದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಜೊತೆಗಿಡಬೇಕು. ಹಾಗಾಗಿ ಪ್ರತಿ ವರ್ಷದ ಅಂಕಪಟ್ಟಿ ಜೋಪಾನ. ದಾರಿ ಇಲ್ಲ ಅನ್ನಬೇಡಿ. ದೆಹಲಿ ಬಳಿಯ ಎನ್‌ಬಿಎ ಅಕಾಡೆಮಿಯಲ್ಲಿ ಕಲಿತ ಅಮಾನ್ ಸಂಧು ನ್ಯೂಜೆರ್ಸಿಯ ಮಾನ್ಮತ್ ವಿಶ್ವವಿದ್ಯಾಲಯದ ಮೊದಲ ದರ್ಜೆ ತಂಡಕ್ಕೆ ಸೇರಿದರು.

ದುಡ್ಡಿನ ವಿಷಯದಲ್ಲಿ ಕಣ್ಣು ತೆರೆದಿರಿ. ಮೂರನೇ ದರ್ಜೆಯ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗೂ ಕೊಡಲ್ಲ. ಅಲ್ಲಿ ಮನೆಯ ಆದಾಯ ನೋಡಿ ನೆರವು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ದುಡಿಯಬಹುದು, ನಿಜ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಹೋದವರ ದುಡಿಮೆಗೆ ಬಿಗಿ ಕಟ್ಟುಪಾಡುಗಳಿವೆ. ಎಚ್ಚರ ತಪ್ಪಿದರೆ ವೀಸಾಕ್ಕೇ ಕುತ್ತು. “ಲಕ್ಷ ಲಕ್ಷ ಬರುತ್ತೆ” ಅನ್ನೋ ಏಜೆಂಟರ ಮಾತಿಗೆ ಮರುಳಾಗಿ ಜಮೀನು ಅಡ ಇಡಬೇಡಿ.

ಕೋಚ್ ಫೋನ್ ಮಾಡಿದಾಗ ನಾಚಿಕೆ ಬಿಟ್ಟು ಕೇಳಿ. ಒಂದು ತಂಡದಲ್ಲಿ 15ರ ಆಸುಪಾಸು ಹುಡುಗರು, ಅಂಗಣದಲ್ಲಿ ಐವರು, ಆಟ 40 ನಿಮಿಷ. ನನ್ನ ಜಾಗದಲ್ಲಿ ಈಗಾಗಲೇ ಎಷ್ಟು ಜನ ಇದ್ದಾರೆ? ಸ್ಕಾಲರ್‌ಶಿಪ್ ಒಂದು ವರ್ಷದ್ದೋ, ನಾಲ್ಕು ವರ್ಷದ್ದೋ? ಗಾಯವಾದರೆ ಆಸ್ಪತ್ರೆ ಖರ್ಚು ಯಾರದ್ದು? ನಿಮ್ಮ ಹಳೇ ಆಟಗಾರರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದ್ದಾರೆ? ನೀವು ಬೇರೆ ಕಾಲೇಜಿಗೆ ಹೋದರೆ ನನ್ನ ಗತಿ ಏನು? ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ಬೇಕು.

ಅಮೆರಿಕ ಎಲ್ಲರ ಕೈಗೂ ಎಟುಕಲ್ಲ, ಎಟುಕಬೇಕಂತಲೂ ಇಲ್ಲ. ಕಾಸರಗೋಡಿನ ಹುಡುಗ ಮಂಗಳೂರಿಗೆ ಹೋಗಬೇಕೋ ಕಣ್ಣೂರಿಗೋ, ಹೊಸೂರಿನವನು ಬೆಂಗಳೂರಿಗೋ ಸೇಲಂಗೋ ಅನ್ನುವಾಗಲೂ ಇದೇ ಪ್ರಶ್ನೆಗಳು. ಜೊತೆಗೆ ನಮಗೆ ಮಾತ್ರ ಇರುವ ಒಂದು ಪ್ರಶ್ನೆ ಸೇರಿಸಿ: ಈ ರಾಜ್ಯದ ಪರವಾಗಿ ಆಡಿದ ಸರ್ಟಿಫಿಕೇಟು ಗಡಿಯಾಚೆಯ ಕಾಲೇಜಿನ ಕ್ರೀಡಾ ಕೋಟಾದಲ್ಲಿ ನಡೆಯುತ್ತಾ?

ಕಡೆಗೆ ಆ ಪತ್ರ ಬಂದಾಗ, ಅದನ್ನು ಅಪ್ಪ-ಅಮ್ಮನ ಮುಂದೆ ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿ. ಅವರಿಗೆ ಹೇಳಿಕೊಡಲಾಗದ ಷರತ್ತು ನಿಮಗೂ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಪೂರ್ತಿ ಅರ್ಥವಾದ ಮೇಲಷ್ಟೇ ಸಹಿ ಹಾಕಿ.