ಹೊಸ ಊರಿನಲ್ಲಿ ನಾಯಿಯನ್ನು ಅವಸರಪಡಿಸಬೇಡಿ

ಊರು ಬದಲಿಸುವ ಕುಟುಂಬ ಬಾಡಿಗೆ ಮನೆ ನೋಡುತ್ತದೆ, ಮಕ್ಕಳ ಶಾಲೆ ನೋಡುತ್ತದೆ, ಗ್ಯಾಸ್ ಸಂಪರ್ಕ ವರ್ಗಾಯಿಸಿಕೊಳ್ಳುತ್ತದೆ. ನಾಯಿಯ ಮಾತು ಬಂದಾಗ ಮಾತ್ರ ‘ನಾಲ್ಕು ದಿನ ಹೋದರೆ ತಾನೇ ಹೊಂದಿಕೊಳ್ಳುತ್ತೆ ಬಿಡಿ’ ಅನ್ನುತ್ತಾರೆ. ಹೊಂದಿಕೊಳ್ಳುವುದಿಲ್ಲ. ಮಂಚದ ಕೆಳಗೆ ಸೇರಿಕೊಂಡು ಊಟ ಬಿಡುವ ನಾಯಿಗಳಿವೆ, ಗೇಟಿನ ಸದ್ದಾದರೆ ಸಾಕು, ಗಂಟಲು ಕಟ್ಟುವಷ್ಟು ಬೊಗಳುವ ನಾಯಿಗಳಿವೆ. ಅದನ್ನು ಹಟ ಅಂತ ಗದರುವುದು ತಪ್ಪು. ಅದು ಭಯ.

ತಮಿಳುನಾಡಿನ ಉಡುಮಲೈಪೇಟೆಯನ್ನೇ ನೋಡಿ. ಕನ್ನಡ ಮಾತಾಡುವ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಕೊಂಗುನಾಡಿನ ಊರು; ಬೆಂಗಳೂರು, ಮೈಸೂರು ಕಡೆಯಿಂದ ಕೆಲಸದ ಮೇಲೆ ಬಂದವರಿಗೂ ಇಲ್ಲಿ ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ. ನಾಯಿಯ ಲೆಕ್ಕ ಬೇರೆ. ಮುಂಗಾರಿನ ತಿಂಗಳುಗಳಲ್ಲಿ ಪಾಲಕ್ಕಾಡ್ ಕಣಿವೆಯ ಬಾಯಿಂದ ನುಗ್ಗುವ ಗಾಳಿ ಊರಿನ ಸುತ್ತಲ ಗಾಳಿಯಂತ್ರಗಳನ್ನು ಹಗಲಿರುಳು ತಿರುಗಿಸುತ್ತದೆ. ಅದೇ ಗಾಳಿ ದನದ ಕೊಟ್ಟಿಗೆ, ತೆಂಗಿನ ತೋಟ, ಕೋಳಿ ಫಾರಂಗಳ ವಾಸನೆಯನ್ನೆಲ್ಲ ಒಟ್ಟಿಗೇ ಹೊತ್ತು ತರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಾಯಿಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಮಾರಿಯಮ್ಮನ ಜಾತ್ರೆಯ ಹೊತ್ತಿಗೆ ಪಟಾಕಿ ಬೇರೆ.

ಹಾಗಾದರೆ ಎಲ್ಲಿಂದ ಶುರುಮಾಡಬೇಕು? ಮೂಗಿನಿಂದ. ಶಾರ್ಲೆಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿಯರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಒಂದು ಗುಂಪಿನ ನಾಯಿಗಳಿಗೆ ಎರಡು ವಾರ ಮೂಸಿ ತಿನಿಸು ಹುಡುಕುವ ಆಟ ಆಡಿಸಿದರು, ಇನ್ನೊಂದು ಗುಂಪಿಗೆ ಯಜಮಾನನ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ ಮಾಡಿಸಿದರು. ಆಮೇಲೆ ತಿನಿಸು ಇದೆಯೋ ಇಲ್ಲವೋ ಗೊತ್ತಾಗದಂಥ ಜಾಗದಲ್ಲಿ ಬಟ್ಟಲಿಟ್ಟು ನೋಡಿದರೆ, ಮೂಸುವ ಆಟ ಆಡಿದ ನಾಯಿಗಳು ಮೊದಲಿಗಿಂತ ಬೇಗ ಅದರ ಹತ್ತಿರ ಹೋದವು. ಏನೋ ಒಳ್ಳೆಯದೇ ಇರಬಹುದು ಎಂಬ ಭರವಸೆ ಅವಕ್ಕೆ ಬಂದಿತ್ತು. ಹೊಸ ಊರಿಗೆ ಬಂದ ನಾಯಿಗೆ ಬೇಕಾದದ್ದೂ ಆ ಭರವಸೆಯೇ.

ಆದ್ದರಿಂದ ಮೊದಲ ಕೆಲವು ವಾರ ಎಷ್ಟು ದೂರ ನಡೆಸಿದಿರಿ ಎಂಬುದು ಮುಖ್ಯವಲ್ಲ. ಒಂದೇ ಬೀದಿ, ಒಂದೇ ಹೊತ್ತು. ಬೆಳಗ್ಗೆ ಐದೂವರೆ, ಆರರ ಸುಮಾರಿಗೆ, ಬಸ್ಸು ಲಾರಿಗಳ ಓಡಾಟ ಹೆಚ್ಚುವ ಮೊದಲು ಹೊರಡಿ. ಲೈಟ್ ಕಂಬದ ಬುಡದಲ್ಲಿ ನಾಯಿ ನಿಂತರೆ ನೀವೂ ನಿಲ್ಲಿ. ನಾನು ಸಂಜೆ ತಿರುಗಾಡುವಾಗ ಕಾಣುವ ನೋಟ ಒಂದೇ: ನಾಯಿ ಕಂಬದ ಬುಡಕ್ಕೆ ಮೂಗು ತಾಗಿಸಿ ನಿಂತಿದೆ, ಮೂಗಿನ ಹೊಳ್ಳೆ ಪಟಪಟನೆ ಅದುರುತ್ತಿದೆ, ಒಂದು ಮುಂಗಾಲು ಎತ್ತಿದ ಹಾಗೇ ಇದೆ. ಯಜಮಾನರು ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಿಂದ ಬೆಲ್ಟನ್ನು ಜಗ್ಗುತ್ತಿದ್ದಾರೆ. ಆ ಕಂಬದಲ್ಲಿ ಬೀದಿಯ ಎಲ್ಲ ನಾಯಿಗಳ ಸುದ್ದಿಯಿದೆ. ಅದನ್ನು ಓದಲು ಒಂದು ನಿಮಿಷ ಕೊಡಲಾಗದಿದ್ದರೆ ವಾಕಿಂಗ್ ಯಾರಿಗೋಸ್ಕರ?

ಇನ್ನು ಬೀದಿನಾಯಿಗಳು. ನಮ್ಮ ಊರುಗಳಲ್ಲಿ ಅವುಗಳನ್ನು ಬಿಟ್ಟು ಈ ವಿಷಯ ಮಾತಾಡುವ ಹಾಗೇ ಇಲ್ಲ. ಸಾಕುನಾಯಿಯ ಬಗ್ಗೆ ಬರುವ ವಿದೇಶಿ ಪುಸ್ತಕಗಳಲ್ಲಿ ಇವುಗಳ ಸುಳಿವೇ ಇರುವುದಿಲ್ಲ. ಆದರೆ ಬೀದಿ ಅವುಗಳದ್ದು, ಹೊಸಬರು ನಾವು. ಎದುರಾದ ತಕ್ಷಣ ‘ಫ್ರೆಂಡ್ಸ್ ಆಗ್ಲಿ’ ಅಂತ ಮುಖಾಮುಖಿ ನಿಲ್ಲಿಸುವುದು ಅಪಾಯ. ನಾಯಿಗಳ ಮರ್ಯಾದೆಯಲ್ಲಿ ನೇರ ಎದುರು ಹೋಗುವುದು ಜಗಳಕ್ಕೆ ಕರೆದಂತೆ. ಅರ್ಧಚಂದ್ರದ ಹಾಗೆ ಸುತ್ತಿ ಬಂದು, ಪಕ್ಕದಿಂದ ಮೂಸಿ, ಮುಖ ತಿರುಗಿಸಿಕೊಂಡು ಹೋಗುವುದು ಅವುಗಳ ಪದ್ಧತಿ. ರಸ್ತೆಯ ಆಚೆ ಬದಿಗೆ ದಾಟಿ, ಬೆಲ್ಟ್ ಸಡಿಲವಾಗಿಟ್ಟು, ನಿಲ್ಲದೆ ನಡೆಯಿರಿ. ಬೆಲ್ಟ್ ಬಿಗಿಯಾದರೆ ನಿಮ್ಮ ಕೈಯ ಭಯ ನಾಯಿಯ ಕೊರಳಿಗೆ ಇಳಿಯುತ್ತದೆ. ನಿಮ್ಮ ನಾಯಿ ತುಟಿ ನೆಕ್ಕುತ್ತಿದೆಯೇ, ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಸುತ್ತಿದೆಯೇ, ಬಾಲ ಮಡಚಿದೆಯೇ? ಹಾಗಿದ್ದರೆ ಅಂದಿಗೆ ಸಾಕು, ಮನೆಗೆ ತಿರುಗಿ.

ಬೆಲ್ಟ್ ಬಿಚ್ಚುವ ಮಾತಂತೂ ಬೇಡ. ಮುಖ್ಯವಾಗಿ ಮುಧೋಳ ನಾಯಿ ಸಾಕಿದವರಿಗೆ ಈ ಮಾತು. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿ ಹೊರತಂದಾಗ ನಮ್ಮ ಮುಧೋಳಕ್ಕೂ ತಮಿಳುನಾಡಿನ ರಾಜಪಾಳಯಂಗೂ ಒಟ್ಟಿಗೇ ಆ ಗೌರವ ಸಿಕ್ಕಿತು. ಆದರೆ ಮುಧೋಳ ಕಣ್ಣಿಂದ ಬೇಟೆಯಾಡುವ ತಳಿ. ಹೊಲದಂಚಿನಲ್ಲಿ ನವಿಲು ಹಾರಿದರೆ, ಮೇಕೆ ಓಡಿದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ಮರಿಯಾದರೆ ಇನ್ನೊಂದು ಅವಸರ ನಿಜಕ್ಕೂ ಇದೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಮರಿ ಕಂಡದ್ದನ್ನೆಲ್ಲ ಸುಲಭವಾಗಿ ತನ್ನದಾಗಿಸಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ಪಾರ್ವೊ ರೋಗದ ಭಯವೂ ಇರುತ್ತದೆ. ಲಸಿಕೆ ಮುಗಿಯುವ ತನಕ ಕೋಣೆಯೊಳಗೆ ಕೂಡಿಹಾಕುವುದು ಪರಿಹಾರವಲ್ಲ. ಎತ್ತಿಕೊಂಡು ಹೋಗಿ; ಹೂ ಮಾರುವವರು, ಆಟೋ, ಸೈಕಲ್ಲು, ಕೊಡೆ ಬಿಚ್ಚಿದವರು ಎಲ್ಲವನ್ನೂ ತೋಳಿನಿಂದಲೇ ನೋಡಲಿ. ನೆಲಕ್ಕೆ ಬಿಡುವುದು ಯಾವಾಗ ಎಂದು ವೈದ್ಯರನ್ನು ಕೇಳಿ. ಈ ವಿಷಯದಲ್ಲಿ ಉಡುಮಲೈನವರು ಪುಣ್ಯವಂತರು: ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು 2020ರಿಂದ ಊರಿನ ಹತ್ತಿರವೇ, ಪಣ್ಣೈಕಿಣರ್‌ನಲ್ಲಿದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದ ಗಡುವಿಗೆ ತಪ್ಪದೆ. ಜನರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಬರುವಂಥದ್ದು. ಹಾಗಾಗಿ ನಿಮ್ಮ ನಾಯಿಯನ್ನು ಕಂಡು ಹಿಂದೆ ಸರಿಯುವ ಅಜ್ಜಿಯ ಭಯಕ್ಕೆ ಕಾರಣವಿದೆ. ‘ಏನೂ ಮಾಡಲ್ಲ ಅಜ್ಜಿ’ ಅನ್ನುವ ಬದಲು ಬೆಲ್ಟ್ ಗಿಡ್ಡ ಹಿಡಿದು ಅವರಿಗೆ ದಾರಿ ಬಿಡಿ. ನಾಯಿ ಎಲ್ಲರ ಮೈಮೇಲೆ ಹಾರಿ ಪ್ರೀತಿ ತೋರಿಸಬೇಕಾಗಿಲ್ಲ. ಪಕ್ಕದಲ್ಲಿ ಯಾರಾದರೂ ಹಾದುಹೋದಾಗ ಸುಮ್ಮನೆ ಇರುವುದು ಕಲಿತರೆ ಅದೇ ದೊಡ್ಡ ಪಾಠ.

ತಿರುಮೂರ್ತಿ ಬೆಟ್ಟ, ಅಮರಾವತಿ ಅಣೆಕಟ್ಟೆ ಕಡೆಗೆ ಭಾನುವಾರ ಹೊರಡುವವರು ನಾಯಿಯನ್ನು ಮನೆಯಲ್ಲೇ ಬಿಡಬೇಕು. ಅದು ಆನೈಮಲೈ ಹುಲಿ ಮೀಸಲು ಪ್ರದೇಶದ ಅಂಚು. ಚಿರತೆಗೆ ನಾಯಿ ಸುಲಭದ ತುತ್ತು ಎಂಬುದು ಒಂದು ಕಾರಣ. ಇನ್ನೊಂದು, ನಾಯಿಯಿಂದ ಕಾಡಿಗೆ ಹೋಗುವ ರೋಗ. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪತ್ತೆಯಾದ ಸೋಂಕುಗಳಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ಸೂ ಇತ್ತು. ಆನೈಮಲೈಯೂ ಸೀಳುನಾಯಿಗಳಿರುವ ಕಾಡು, ಅವಕ್ಕೂ ಅದೇ ಅಪಾಯ. ಮಳೆಗಾಲದ ಹುಲ್ಲಿನಲ್ಲಿ ಅಡ್ಡಾಡಿ ಬಂದ ನಾಯಿಯ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣುಗು ಹುಡುಕಿ ತೆಗೆಯುವುದೂ ಮರೆಯಬಾರದು.

ಹಾಗಾದರೆ ನಾಯಿ ಬೆಲ್ಟಿಲ್ಲದೆ ಓಡುವುದೆಲ್ಲಿ? ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ. ಅಂಥದ್ದು ದೊಡ್ಡ ನಗರಗಳ ಐಷಾರಾಮ ಆಗಬೇಕಾಗಿಲ್ಲ. ಉಡುಮಲೈಯಂಥ ನಗರಸಭೆಯ ಊರಿನಲ್ಲೂ, ಮಂಡ್ಯ, ಹಾಸನಗಳಲ್ಲೂ, ಒಂದು ಪಾರ್ಕಿನ ಮೂಲೆಗೆ ಆಳೆತ್ತರದ ಜಾಲರಿ, ಎರಡು ಬಾಗಿಲು, ಒಂದು ನಲ್ಲಿ ಸಾಕು. ಲಸಿಕೆ ಕಾರ್ಡ್ ತೋರಿಸಿದವರಿಗೆ ಮಾತ್ರ ಪ್ರವೇಶ ಎಂದರೆ ಲಸಿಕೆ ಹಾಕಿಸುವವರೂ ಹೆಚ್ಚುತ್ತಾರೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಬೀದಿನಾಯಿಗಳಿಗೆ ಊಟ ಹಾಕಲು ಗೊತ್ತುಪಡಿಸಿದ ಜಾಗಗಳಿರಬೇಕು ಎಂದಿದೆ. ಆ ಜಾಗಗಳನ್ನು ಗುರುತಿಸುವ ಅಧಿಕಾರಿಗಳು ಅದೇ ನಕ್ಷೆಯ ಮೇಲೆ ಸಾಕುನಾಯಿಗಳಿಗೂ ಒಂದು ಬೇಲಿಯ ಗುರುತು ಹಾಕಲಿ. ವಾರ್ಡ್ ಸದಸ್ಯರನ್ನು ಕಂಡು ಅರ್ಜಿ ಕೊಡುವ ಕೆಲಸ ನಾಯಿ ಸಾಕಿದ ನಮ್ಮದು.