ಕೈ ಎತ್ತದ ಸಭೆ

ಕಳೆದ ತಿಂಗಳು ನಮ್ಮ ಬಳಗದಲ್ಲಿ ಒಂದು ಠರಾವು ಪಾಸಾಯಿತು. ಕನ್ನಡ ಲಿಪಿಯಲ್ಲಿ ಬರೆದುಕೊಟ್ಟದ್ದನ್ನು ಮಾತ್ರ ಈ ಪತ್ರಿಕೆಗೆ ತೆಗೆದುಕೊಳ್ಳುವುದು ಅಂತ. ಪರ 11, ವಿರೋಧ 7. ಹನ್ನೊಂದರಲ್ಲಿ ನನ್ನ ಕೈಯೂ ಒಂದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ನನಗ ಮಾತಾಡಾಕ ಬರ್ತದರಿ, ಬರಿಯಾಕ ಬರಂಗಿಲ್ಲ" ಅಂದಳು. ಅವಳು ಓದಿದ್ದು ಮರಾಠಿ ಶಾಲೆ. ಅಪ್ಪ ಇಲ್ಲೇ ತುರ್ಭೆ ಮಾರ್ಕೆಟ್ಟಿನಲ್ಲಿ ಹಮಾಲಿ. "ಬಹುಮತ ಆಯ್ತಲ್ಲ" ಅಂದೆವು. ಸುಮ್ಮನೆ ಕೂತಳು. ಆ ಏಳು ಜನ ಮತ್ತೆ ಸಭೆಗೆ ಬಂದಿಲ್ಲ.

ಆ ಮೌನ ನನ್ನನ್ನು ಕಾಡುತ್ತಿದ್ದಾಗಲೇ, ಮೌನವನ್ನೇ ಪೂಜೆ ಮಾಡಿಕೊಂಡ ಕ್ವೇಕರರ ಬಗ್ಗೆ ಓದಿದೆ. ಕ್ವೇಕರ್ ಅಂದರೆ ಓಟ್ಸ್ ಡಬ್ಬಿ ನೆನಪಾದೀತು. ಆ ಕಂಪೆನಿಗೂ ಇವರಿಗೂ ಸಂಬಂಧವಿಲ್ಲ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಜೋಡು ಹೊಲಿಯುವ ಕೆಲಸ ಕಲಿತಿದ್ದ ಜಾರ್ಜ್ ಫಾಕ್ಸ್ (1624–1691) ಎಂಬಾತ ಹೇಳಿದ್ದಿಷ್ಟು: ದೇವರ ಅಂಶ ಪ್ರತಿಯೊಬ್ಬರಲ್ಲೂ ಇದೆ, ಅದನ್ನು ಕೇಳಿಸಿಕೊಳ್ಳಲು ನಡುವೆ ಪಾದ್ರಿ ಬೇಕಿಲ್ಲ. ನಮ್ಮ ಶರಣರು ನೆನಪಾಗದೆ ಇರುತ್ತಾರೆಯೆ? ತಮ್ಮನ್ನು ಇವರು 'ಮಿತ್ರರು' ಎಂದು ಕರೆದುಕೊಂಡರು. 'ನಡುಗುವವರು' ಎಂಬ ಅರ್ಥದ 'ಕ್ವೇಕರ್' 1650ರಲ್ಲಿ ನ್ಯಾಯಾಧೀಶನೊಬ್ಬ ಗೇಲಿಗಾಗಿ ಇಟ್ಟ ಹೆಸರು. ಧಣಿಯ ಮುಂದೆ ಟೋಪಿ ತೆಗೆಯಲಿಲ್ಲ, ಕೋರ್ಟಿನಲ್ಲಿ ಪ್ರಮಾಣ ಮಾಡಲಿಲ್ಲ, ದೊಡ್ಡವರಿಗೂ ಚಿಕ್ಕವರಿಗೂ ಒಂದೇ 'ನೀನು'. ಇದಕ್ಕಾಗಿ ಸಾವಿರಾರು ಜನ ಜೈಲು ಕಂಡರು.

ಅವರ ಪೂಜೆ ಹೀಗೆ: ಎದುರುಬದುರಾಗಿ ಸುಮಾರು ಒಂದು ಗಂಟೆ ಸುಮ್ಮನೆ ಕೂರುವುದು. ಗಂಟೆಯಿಲ್ಲ, ಪ್ರವಚನವಿಲ್ಲ. ಒಳಗಿನಿಂದ ಪ್ರೇರಣೆಯಾದರೆ, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತು ಹೇಳಬಹುದು. ಯಾರೂ ಅದಕ್ಕೆ ಎದುರು ವಾದ ಹೂಡುವುದಿಲ್ಲ. ಕಡೆಗೆ ಕೈಕುಲುಕಿ ಏಳುತ್ತಾರೆ. ಎಲ್ಲ ಕ್ವೇಕರರೂ ಹೀಗಲ್ಲ. ಅವರ ಸಂಖ್ಯೆ ಅತಿ ಹೆಚ್ಚಿರುವ ಕೀನ್ಯಾದಲ್ಲಿ ಪಾದ್ರಿ, ಹಾಡು ಎಲ್ಲ ಉಂಟು.

ಇವರು ನಮಗೆ ತೀರ ದೂರದವರೂ ಅಲ್ಲ. ಲಾರಿ ಬೇಕರ್ (1917–2007) ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಚೀನಾದಲ್ಲಿ ರೋಗಿಗಳ ಸೇವೆ ಮಾಡಿದ ಕ್ವೇಕರರು. ಊರಿಗೆ ಮರಳುವಾಗ ಮುಂಬಯಿಯಲ್ಲಿ ಹಡಗಿಗೆ ಕಾಯುತ್ತ ಗಾಂಧೀಜಿಯನ್ನು ಕಂಡರು. ಆಮೇಲೆ ಭಾರತಕ್ಕೇ ಬಂದು ಕೇರಳದಲ್ಲಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದರು. ಕಲ್ಯಾಣದಿಂದ ಇಟಾರ್ಸಿ ಮಾರ್ಗದಲ್ಲಿ ಹೋದರೆ ಸಿಗುವ ಹೋಶಂಗಾಬಾದಿನ, ಅಂದರೆ ಇಂದಿನ ನರ್ಮದಾಪುರಂನ, ರಸೂಲಿಯಾದಲ್ಲಿದ್ದ ಅವರ ಕೇಂದ್ರ 1972ರಲ್ಲಿ ಕಿಶೋರ್ ಭಾರತಿಯೊಡನೆ ಕೂಡಿ 16 ಶಾಲೆಗಳಲ್ಲಿ ಬಾಯಿಪಾಠದ ಬದಲು ಪ್ರಯೋಗದ ವಿಜ್ಞಾನ ಶುರುಮಾಡಿತು.

ನನಗೆ ಮುಖ್ಯವಾಗಿ ನಾಟಿದ್ದು ಅವರು ಸಭೆ ನಡೆಸುವ ರೀತಿ. ಅಲ್ಲಿ ಮತಕ್ಕೆ ಹಾಕುವುದೇ ಇಲ್ಲ. ಎಲ್ಲರ ಮಾತು ಕೇಳಿದ ಮೇಲೆ ಗುಮಾಸ್ತನ ಸ್ಥಾನದಲ್ಲಿರುವವರು ನಿರ್ಣಯ ಬರೆದು ಅಲ್ಲೇ ಓದುತ್ತಾರೆ. ಒಪ್ಪಿಗೆ ಮೂಡದಿದ್ದರೆ ಮುಂದಿನ ಸಭೆಗೆ ಕಾಯುತ್ತಾರೆ.

"ಅಲ್ರೀ, ಹೀಗೆ ಕಾಯ್ತಾ ಕೂತರೆ ಪತ್ರಿಕೆ ಹೊರಬಂದ ಹಾಗೇ!" ಅಂತೀರಿ. ಮಾತು ಸುಳ್ಳಲ್ಲ. ಇದಕ್ಕಿಂತ ದೊಡ್ಡ ಆಕ್ಷೇಪಣೆಯನ್ನೂ ನಾನೇ ಹೇಳುತ್ತೇನೆ. ಅಮೆರಿಕದ ಜರ್ಮನ್‌ಟೌನಿನ ಕೆಲವರು 1688ರಲ್ಲೇ ಗುಲಾಮಗಿರಿ ತಪ್ಪೆಂದು ಬರೆದುಕೊಟ್ಟರು. ಫಿಲಡೆಲ್ಫಿಯಾದ ಕ್ವೇಕರ್ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ನಿಷೇಧಿಸಿದ್ದು 1776ರಲ್ಲಿ. ಇವರು ಕಾದ ಆ 88 ವರ್ಷಗಳ ಬೆಲೆ ತೆತ್ತವರು ಗುಲಾಮರು. ಅಷ್ಟಾದರೂ ಆದದ್ದು ಬರೀ ಮೌನದಿಂದಲ್ಲ. ಜಾನ್ ವೂಲ್ಮನ್ (1720–1772) ಥರದವರು ಒಡೆಯರ ಮನೆಮನೆಗೆ ಹೋಗಿ ಎದುರು ಕೂತು ಮಾತಾಡಿದ್ದರಿಂದ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ಕೇಳಿಸಿಕೊಳ್ಳಲು ಸುಮ್ಮನಿರುವುದು ಬೇರೆ, ಬಾಯಿ ಮುಚ್ಚಿಸಿಕೊಂಡು ಸುಮ್ಮನಿರುವುದು ಬೇರೆ. ನಮ್ಮ ಬಳಗ ಕಂಡದ್ದು ಎರಡನೆಯದನ್ನು ಮಾತ್ರ. ಆ ಠರಾವನ್ನು ತಡೆಹಿಡಿಯಬೇಕು. ಮುಂದಿನ ಸಭೆಯ ಮೊದಲಿಗೆ ಹತ್ತು ನಿಮಿಷ ಸುಮ್ಮನೆ ಕೂರೋಣ. ಹೊರಗೆ ಠಾಣೆ-ಬೇಲಾಪುರ ರಸ್ತೆಯ ಲಾರಿಗಳು ಹಾರ್ನ್ ಹೊಡೆದರೆ ಹೊಡೆಯಲಿ. ಆಮೇಲೆ ಬರೆಯಲು ಬಾರದವರು ಹೇಳಲಿ, ಬರುವವರು ಬರೆದುಕೊಳ್ಳಲಿ.

ಏಳು ಮನೆಗಳಿಗೆ ಹೋಗಿಬರುವ ಕೆಲಸ ನನ್ನದು. ಜೊತೆಗೆ ಯಾರು ಬರ್ತೀರಿ?