ಬಾನೆಟ್ ಎತ್ತಿದರೆ ವಾರಂಟಿ ಹೋಗಬೇಕೇ?

ಸಂಪಾದಕರಿಗೆ,



ಕಳೆದ ಭಾನುವಾರ ನಿಮ್ಮ ವಾಹನ ಪುಟದಲ್ಲಿ ಕಾರು ಮಾಲೀಕರಿಗೆ ಕೊಟ್ಟ ಸಲಹೆ ಓದಿದೆ. ಮನೆಯಲ್ಲಿ ಕಾರಿಗೆ ಕೈ ಹಾಕಬೇಡಿ, ವಾರಂಟಿ ಹೋಗುತ್ತದೆ, ಕಾನೂನಿಗೂ ವಿರುದ್ಧ ಎಂಬ ಅರ್ಥದಲ್ಲಿ ಲೇಖಕರು ಬರೆದಿದ್ದಾರೆ. ಫಿಲ್ಟರ್ ಬದಲಿಸುವುದನ್ನೂ ಬಂಪರಿಗೆ ಕಬ್ಬಿಣದ ಗಾರ್ಡ್ ಬಿಗಿಸುವುದನ್ನೂ ಒಂದೇ ಗಂಟಿಗೆ ಕಟ್ಟಿದ್ದಾರೆ. ನನ್ನ ತಕರಾರು ಅಲ್ಲಿಯೇ.

ನಾನು ಶಿರಸಿಯವಳು, ಬ್ಯಾಂಕ್ ಉದ್ಯೋಗಿ. ನಮ್ಮ ಮಳೆಗಾಲ ಎಂಥದ್ದೆಂದು ಘಟ್ಟದ ಮೇಲಿನವರಿಗೆ ಹೇಳಬೇಕಿಲ್ಲ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಕಾರಿನ ಎಸಿಯಿಂದ ಒದ್ದೆ ಗೋಣಿಚೀಲದ ವಾಸನೆ ಬರತೊಡಗಿತು, ಗಾಳಿಯೂ ಸಣ್ಣಗಾಯಿತು. ಗ್ಲೋವ್ ಬಾಕ್ಸ್‌ನ ಎರಡು ಬದಿ ಒತ್ತಿದರೆ ಅದು ಕೆಳಗೆ ಬೀಳುತ್ತದೆ, ಹಿಂದೆ ಒಂದು ಮುಚ್ಚಳ, ಒಳಗೆ ಕ್ಯಾಬಿನ್ ಫಿಲ್ಟರ್. ಎಳೆದು ತೆಗೆದರೆ ಕೊಳೆತ ಎಲೆ, ಅಡಿಕೆ ಸಿಪ್ಪೆಯ ನಾರು, ಸೀಟಿನಿಂದ ಕಿತ್ತ ಸ್ಪಂಜು. ಇಲಿಯೊಂದು ಬಾಣಂತನಕ್ಕೆ ಪೂರ್ತಿ ತಯಾರಿ ಮಾಡಿಕೊಂಡಿತ್ತು. ಪೇಟೆಯಲ್ಲಿ 350 ರೂಪಾಯಿಗೆ ಹೊಸ ಫಿಲ್ಟರ್ ತಂದು ಹತ್ತು ನಿಮಿಷದಲ್ಲಿ ಹಾಕಿದೆ. ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ.

ಮೂರು ತಿಂಗಳ ನಂತರ ಎಸಿ ಕಂಪ್ರೆಸರ್ ಕೆಟ್ಟಿತು. ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರಿನ ಹುಡುಗ ಮೊದಲು "ಯಜಮಾನರು ಬರಲಿಲ್ವಾ ಮೇಡಂ?" ಎಂದು ಕೇಳಿದ. ಆಮೇಲೆ ಬೇರೆ ಕಂಪನಿಯ ಫಿಲ್ಟರ್ ಕಂಡು, "ಹೊರಗಡೆ ಕೆಲಸ ಮಾಡಿಸಿದೀರಿ, ಕ್ಲೇಮ್ ಆಗಲ್ಲ" ಎಂದ. ಕಂಪ್ರೆಸರ್ ಇರುವುದು ಎಂಜಿನ್ ಪಕ್ಕದಲ್ಲಿ, ಬೆಲ್ಟಿನಿಂದ ತಿರುಗುವ ಯಂತ್ರ. ಕ್ಯಾಬಿನ್ ಫಿಲ್ಟರ್ ಇರುವುದು ಒಳಗೆ ಬರುವ ಗಾಳಿಯ ದೂಳು ಹಿಡಿಯಲು. ಇದರಿಂದ ಅದು ಹೇಗೆ ಕೆಟ್ಟಿತು ಎಂದು ಎರಡು ದಿನ ಕೇಳಿದೆ. ಉತ್ತರ ಬರಲಿಲ್ಲ, ಬಿಲ್ ಬಂತು.

ಇದೇ ಕಾರು ಕೊಂಡ ದಿನ ಶೋರೂಂನವರೇ 'ಆಕ್ಸೆಸರಿ ಪ್ಯಾಕೇಜ್' ಎಂದು ಫಾಗ್ ಲ್ಯಾಂಪ್ ಹಾಕಿ ಕೊಟ್ಟಿದ್ದರು. ಆಮೇಲೆ ಬಾನೆಟ್ ಎತ್ತಿ ನೋಡಿದರೆ ಕಂಪನಿಯ ವೈರ್ ಸುಲಿದು, ಇನ್ನೊಂದು ವೈರ್ ಹೊಸೆದು, ಕಪ್ಪು ಟೇಪ್ ಸುತ್ತಿದ್ದಾರೆ. ರಿಲೇ ಇಲ್ಲ, ಬೇರೆ ಫ್ಯೂಸ್ ಇಲ್ಲ. ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳಬೇಕಾದ ಏರ್‌ಬ್ಯಾಗಿನ ಮೇಲೆ ದಪ್ಪ ರೆಕ್ಸಿನ್ ಕವರ್ ಎಳೆದು ಹೊಲಿದಿದ್ದಾರೆ. ಜೀವಕ್ಕೆ ಅಪಾಯ ತರುವ ಈ ಎರಡು ಕೆಲಸಕ್ಕೆ ವಾರಂಟಿಯ ತಕರಾರಿಲ್ಲ, ನನ್ನ ಫಿಲ್ಟರಿಗೆ ಇದೆ.

ಕಾನೂನಿನ ಮಾತಿಗೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಮಾರ್ಪಾಡನ್ನು, ಅಂದರೆ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದದ್ದೂ ಅದನ್ನೇ. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಇಟ್ಟಿತು. ಇದ್ದ ಫಿಲ್ಟರ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿದರೆ, ವೈಪರ್ ರಬ್ಬರ್ ಬದಲಿಸಿದರೆ, ಬ್ಯಾಟರಿ ಟರ್ಮಿನಲ್‌ಗೆ ಕಟ್ಟಿದ ಬಿಳಿ ಪುಡಿಗೆ ಬಿಸಿನೀರು ಹೊಯ್ದು ಉಜ್ಜಿದರೆ ಆರ್‌ಸಿಯ ಯಾವ ಅಕ್ಷರ ಬದಲಾಯಿತು? ಅದು ದುರಸ್ತಿ, ಮಾರ್ಪಾಡಲ್ಲ. ಲೇಖಕರು ಈ ಗೆರೆಯನ್ನೇ ಅಳಿಸಿಬಿಟ್ಟಿದ್ದಾರೆ.

ಮಾರ್ಪಾಡಿನ ಪರ ನಾನು ವಾದಿಸುತ್ತಿಲ್ಲ. ಕಬ್ಬಿಣದ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದದ್ದು ಸರಿಯಾಗಿಯೇ ಇದೆ. ದೀಪಗಳ ವಿಷಯದಲ್ಲಂತೂ ನಾನು ಲೇಖಕರಿಗಿಂತ ಕಟ್ಟುನಿಟ್ಟು. ಹಳೆಯ ಮಾದರಿಯ ಹೆಡ್‌ಲೈಟಿನ ಕನ್ನಡಿಬಟ್ಟಲನ್ನು ಎಚ್4 ಹ್ಯಾಲೊಜೆನ್ ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು. ಬೆಳಕು ಎದುರಿನವರ ಕಣ್ಣಿಗೆ ಏರದಂತೆ ತಡೆಯುವುದು ಅದೇ. ಆ ಜಾಗಕ್ಕೆ ಸಂತೆಯ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಬಿಂದುವೇ ಸರಿದು ನಾಲ್ಕೂ ಕಡೆ ಚೆಲ್ಲುತ್ತದೆ. ದೇವಿಮನೆ ಘಟ್ಟದಲ್ಲಿ ರಾತ್ರಿ ಮಳೆಯಲ್ಲಿ ಎದುರಿನಿಂದ ಅಂಥ ಗಾಡಿ ಬಂದರೆ ರಸ್ತೆಯ ಅಂಚು ಎಲ್ಲಿದೆ ಎಂದು ದೇವರೇ ಹೇಳಬೇಕು. 2024ರ ಜುಲೈಯಲ್ಲಿ ನಮ್ಮ ಪೊಲೀಸರು ಇಂಥ ದೀಪಗಳ ಮೇಲೆ ಕೇಸು ಹಾಕಲು ಹೊರಟಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ದಂಡ ಕಟ್ಟಿದವನು ಕೊಂಡವನು, ಮಾರಿದ ಅಂಗಡಿಯಲ್ಲ.

ವಾರಂಟಿಯ ಬೆದರಿಕೆಗಾದರೂ ಆಧಾರವಿದೆಯೇ? ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಇರಬಾರದು, ಆ ರಿಪೇರಿಯಿಂದಲೇ ಹಾಳಾದ ಭಾಗಕ್ಕಷ್ಟೇ ವಾರಂಟಿ ನಿರಾಕರಿಸಬಹುದು ಎಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಜಾಲತಾಣ ಬಂತು, ಕಾಯ್ದೆ ಬರಲಿಲ್ಲ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಇದನ್ನೆಲ್ಲ ಹೇಳಿ ನೋಡಿ, ಹುಡುಗ ನಗುತ್ತಾನೆ. ಅವನದೂ ತಪ್ಪಲ್ಲ, ಅವನಿಗೆ ಹೇಳಿಕೊಟ್ಟಿರುವುದು ಅಷ್ಟೇ.

ಎಲ್ಲವನ್ನೂ ಮನೆಯಲ್ಲಿ ಬಿಚ್ಚಿ ಎನ್ನುವಷ್ಟು ಹುಂಬಳು ನಾನಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಏರ್‌ಬ್ಯಾಗಿನ ಹಳದಿ ವೈರ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಕೇಬಲ್ ನಮ್ಮ ಕೆಲಸವಲ್ಲ. ಲೇಖಕರು ಇಂಥದ್ದನ್ನು ಬಿಡಿಸಿ ಹೇಳಿದ್ದರೆ ಉಪಕಾರವಾಗುತ್ತಿತ್ತು. ಬದಲಿಗೆ ಮಾಲೀಕ ಕೂಲಂಟ್ ಡಬ್ಬಿಯ ಗೆರೆಯನ್ನೂ ನೋಡದಂತೆ ಹೆದರಿಸಿದ್ದಾರೆ. ನನ್ನ ಕಾರಿಗೆ ಅಧಿಕೃತ ಸರ್ವಿಸ್ ಸೆಂಟರ್ ಇರುವುದು ಹುಬ್ಬಳ್ಳಿಯಲ್ಲಿ, ಹೆಚ್ಚುಕಡಿಮೆ ನೂರು ಕಿಲೋಮೀಟರ್ ದೂರ. ಒಂದು ಫ್ಯೂಸ್ ಹೋದರೆ ರಜೆ ಹಾಕಿ ಅಲ್ಲಿಗೆ ಓಡಬೇಕೆಂದರೆ ಕಾರು ಇಟ್ಟುಕೊಂಡು ಏನು ಸುಖ?

ಸಾರಿಗೆ ಮತ್ತು ಗ್ರಾಹಕ ವ್ಯವಹಾರ ಇಲಾಖೆಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಮಾಲೀಕರು ತಾವೇ ಮಾಡಿಕೊಂಡರೆ ವಾರಂಟಿಗೆ ಧಕ್ಕೆ ಇಲ್ಲದ ಕೆಲಸಗಳು ಯಾವುವೆಂದು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಪ್ರತಿ ಶೋರೂಂನಲ್ಲಿ ತೂಗುಹಾಕಲಿ. ವಾರಂಟಿ ನಿರಾಕರಿಸುವವರು ಯಾವ ಕೆಲಸದಿಂದ ಯಾವ ಭಾಗ ಹೇಗೆ ಕೆಟ್ಟಿತೆಂದು ಸಹಿ ಹಾಕಿ ಬರೆದುಕೊಡಲಿ.

ನನ್ನ ಕಂಪ್ರೆಸರ್ ಬಗ್ಗೆ ಹಾಗೆ ಬರೆದುಕೊಡಿ ಎಂದು ರಿಜಿಸ್ಟರ್ಡ್ ಪತ್ರ ಹಾಕಿದ್ದೇನೆ. ಉತ್ತರ ಬಂದರೆ ನಿಮ್ಮ ವಾಹನ ಪುಟಕ್ಕೂ ಒಂದು ಪ್ರತಿ ಕಳಿಸುತ್ತೇನೆ.

ಇಂತಿ,
ಓದುಗರಲ್ಲೊಬ್ಬಳು, ಶಿರಸಿ